ಬೆಕ್ಕಿನ ಪಾಲಿನ ಬಂಗುಡೆ

"ನಿಮ್ಮ ಬೆಕ್ಕು ದಪ್ಪ ಆಯಿತು ಸುಗಂಧಿಯಕ್ಕ. ನೀವು ಮಾತ್ರ ಸಪೂರ ಆಗ್ತಾ ಇದ್ದೀರಿ," ಎನ್ನುತ್ತ ಮೀನು ಮಾರುವ ನಳಿನಾಕ್ಷಿ ಗೇಟಿನ ಬಳಿ ಬುಟ್ಟಿ ಇಳಿಸಿದಳು.

ಸುಗಂಧಿ ಕೈಯಲ್ಲಿದ್ದ ಪಾತ್ರೆಯನ್ನು ಮುಂದೆ ಹಿಡಿದಳು. ಮಣಿಪಾಲದಲ್ಲಿ ಕಿಮೋ ಶುರುವಾದಂದಿನಿಂದ ಮೀನಿನ ವಾಸನೆ ಬಂದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಆದರೂ ದಿನಾ ಬಂಗುಡೆ ಕೊಳ್ಳುತ್ತಿದ್ದಳು. ಹೆಗಲ ಮೇಲಿನ ಬೈರಾಸಿನಿಂದ ಮೂಗು ಮುಚ್ಚಿ ಅಷ್ಟನ್ನೂ ಹಿತ್ತಲಲ್ಲಿ ಬೆಕ್ಕಿಗೆ ಹಾಕುತ್ತಿದ್ದಳು. ಒಂದು ಮನೆಯವರು ಇದ್ದಕ್ಕಿದ್ದಂತೆ ಮೀನು ಬಿಟ್ಟರೆ ಸುಮ್ಮನಿರುವ ಊರಲ್ಲ ಕಾಪು. ಸೂತಕವಾ, ಹರಕೆಯಾ, ಕಾಯಿಲೆಯಾ ಎಂದು ಕೇಳಿಯೇ ಕೇಳುತ್ತಾರೆ. ಆಮೇಲೆ ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದು, ಅದೇ ಕಾಯಿಲೆಯಲ್ಲಿ ಸತ್ತವರ ಕತೆ ಹೇಳಿ ಹೋಗುತ್ತಾರೆ.

ಅದು ಬೇಡವೆಂದು ಅವಳು ಹಟ ಹಿಡಿದಿದ್ದಳು. ವಿಗ್ಗನ್ನು ಮುಂಬಯಿ ಸ್ಟೈಲ್ ಎಂದು ಊರಿಗೆ ನಂಬಿಸಿದ್ದಾಗಿತ್ತು. ಬಿಟ್ಟು ಬಂದ ಮುಂಬಯಿಯ ಫ್ಲ್ಯಾಟಿನಲ್ಲಾದರೆ ಇಷ್ಟೆಲ್ಲ ನಾಟಕ ಬೇಡ. ಎದುರು ಬಾಗಿಲಿನವರ ಹೆಸರು ಇವಳಿಗೆ ಗೊತ್ತಿರಲಿಲ್ಲ, ಅವರಿಗೆ ಇವಳದ್ದು. ಅಲ್ಲಿ ಗುಟ್ಟು ತಾನಾಗಿ ಉಳಿಯುತ್ತದೆ. ಇಲ್ಲಿ ಅದಕ್ಕೂ ದಿನಾ ಮೀನು ಹಾಕಬೇಕು.

"ಬೆಕ್ಕು ಮರಿ ಹಾಕಲಿಕ್ಕೆ ಉಂಟು," ಎಂದಳು ಸುಗಂಧಿ.

"ಗಂಡು ಬೆಕ್ಕು ಅಲ್ವಾ ಅದು?"

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಸುಗಂಧಿ ಗೇಟನ್ನು ಗಟ್ಟಿಯಾಗಿ ಹಿಡಿದು ಮೆಲ್ಲಗೆ ಹೇಳಿದಳು: "ನಳಿನಕ್ಕ, ನಾನು ಗುಣ ಆಗುತ್ತೇನೆ. ಆಗಿಯೇ ಆಗುತ್ತೇನೆ. ಅಲ್ಲಿವರೆಗೆ ಯಾರೂ ನನ್ನನ್ನು ಅಯ್ಯೋ ಪಾಪ ಅನ್ನಬಾರದು."

ನಳಿನಾಕ್ಷಿ ಬುಟ್ಟಿ ಹೊತ್ತು ನಡೆದಳು. ಅವಳು ದಿನಾ ಹೋಗುವ ಮನೆಗಳನ್ನೆಲ್ಲ ಸುಗಂಧಿ ಮನಸ್ಸಿನಲ್ಲೇ ಎಣಿಸಿದಳು. ಸಂಜೆಯವರೆಗೂ ಗೇಟಿನ ಕಡೆಗೇ ಕಣ್ಣು. ಹಾರ್ಲಿಕ್ಸ್ ಹಿಡಿದು ಯಾರೂ ಬರಲಿಲ್ಲ.

ಮರುದಿನ ಪಕ್ಕದ ಮನೆಯ ಸುಂದರಿ ಕಾಂಪೌಂಡಿನ ಮೇಲೆ ಬಟ್ಟೆ ಹರವುತ್ತಿದ್ದಾಗ ನಳಿನಾಕ್ಷಿ ಬಂದಳು. ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಎಂತ ಮಾರಾಯ್ರೆ, ನಿನ್ನೆಯ ಬಂಗುಡೆ ಅಷ್ಟು ಬೇಗ ಖಾಲಿಯಾ? ತಗೊಳ್ಳಿ, ಇವತ್ತು ಒಳ್ಳೆ ತಾಜಾ ಉಂಟು!"

ಪಾತ್ರೆಗೆ ಬಿದ್ದದ್ದು ಮೀನಲ್ಲ. ಸೊಂಟದ ಚೀಲದಿಂದ ತೆಗೆದ ಎರಡು ಲಿಂಬೆಹಣ್ಣು.

"ಮಣಿಪಾಲದ ಬಸ್ಸಿನಲ್ಲಿ ಮೂಸಲಿಕ್ಕೆ," ಎಂದಳು ನಳಿನಾಕ್ಷಿ, ಪಿಸುದನಿಯಲ್ಲಿ. ಮಣಿಪಾಲದ ಹೆಸರನ್ನು ಸುಗಂಧಿ ಎತ್ತಿರಲೇ ಇಲ್ಲ.

ಸುಗಂಧಿ ಬೈರಾಸಿನಿಂದ ಪಾತ್ರೆ ಮುಚ್ಚಿದಳು. ಸುಂದರಿಗೆ ಕೇಳಬೇಕೆಂದೇ ದನಿ ಏರಿಸಿದಳು: "ಇದು ಸಣ್ಣದಾಯಿತು ನಳಿನಕ್ಕ! ನಾಳೆ ದೊಡ್ಡದು ತರಬೇಕು."