ತಿದಿಯ ಕೊಳವೆ

“ಸಲಾಕೆ ಬಿಡಿ,” ಎಂದ ಮಾತೌಶ್.

ಮೂಸೆಯಲ್ಲಿ ಮಾತೌಶ್ ತಾನೇ ತಂದಿದ್ದ ಸೀಸ ಕರಗಿ ಕನ್ನಡಿಯಂತೆ ನಿಂತಿತ್ತು. ಅದನ್ನು ಕಲಕಲು ಹೊರಟಿದ್ದ ರಸವಾದಿ ಬ್ಲಾಜೆಯ್‌ನ ಮುಂಗೈ ಮಾತೌಶನ ಮುಷ್ಟಿಯಲ್ಲಿತ್ತು. ಕೋಣೆಯಲ್ಲಿ ಜೇನುಮೇಣ ಸುಟ್ಟ ವಾಸನೆ. ಮೂವತ್ತು ವರ್ಷ ಟಂಕಸಾಲೆಯಲ್ಲಿ ಚಿನ್ನ ಪರೀಕ್ಷಿಸಿದ ಮಾತೌಶನ ಮೂಗಿಗೆ ಅಷ್ಟು ಸಾಕಾಗಿತ್ತು.

ಸಲಾಕೆಯನ್ನು ಕಸಿದು ಕಲ್ಲಿನ ಮೇಲೆ ತಟ್ಟಿದ. ತುದಿಯ ಮೇಣ ಜಾರಿತು. ಅದರ ಹಿಂದೆಯೇ ಬಟಾಣಿ ಕಾಳಿನಷ್ಟು ಚಿನ್ನದ ಗುಂಡು ಉರುಳಿ ಬಿತ್ತು.

ಮಾತೌಶನಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಇದೇ ಆಟವನ್ನು ಬೊಹೀಮಿಯಾದ ನಾಲ್ಕು ಕೋಟೆಗಳಲ್ಲಿ ನೋಡಿದ್ದ. ಟೊಳ್ಳು ಸಲಾಕೆ, ಒಳಗೆ ಚಿನ್ನ, ಬಾಯಿಗೆ ಮೇಣ. ಉಳಿದವರು ಕೈಚಳಕವನ್ನಾದರೂ ತೋರಿದ್ದರು. ಈ ಮುದುಕ ಕಿಟಕಿಯ ಬೆಳಕಿನಲ್ಲಿ, ಪರೀಕ್ಷಕನ ಮೂಗಿನಡಿಯಲ್ಲೇ ನಿಂತಿದ್ದ. ಇಷ್ಟಕ್ಕಾಗಿ ಎರಡು ದಿನ ಗಾಡಿಯಲ್ಲಿ ಕುಲುಕಾಡಿಕೊಂಡು ಬಂದೆನಲ್ಲ ಅನ್ನಿಸಿತು.

ಹಿನೆಕ್ ದೊರೆ ಕುರ್ಚಿಯಿಂದ ಎದ್ದರು. ಅವರ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು.

“ಏಳು ವರ್ಷ ನನ್ನ ಉಪ್ಪು ತಿಂದೆ.”

“ಉಪ್ಪು ಸ್ವಲ್ಪ ಕಮ್ಮಿನೇ ಇರ್ತಿತ್ತು, ದೊರೆ,” ಎಂದ ಬ್ಲಾಜೆಯ್.

ಬಾಗಿಲ ಬಳಿ ಬೀಗದ ಕೈ ಹಿಡಿದು ನಿಂತಿದ್ದ ಕಾವಲಿನ ಹೆಂಗಸು ದೊರೋತಾ ಕೆಮ್ಮಿ ನಗು ನುಂಗಿದಳು.

ಕೆಳಗೆ ಅಂಗಳದಲ್ಲಿ ಉಳಿ ಸದ್ದು ಮಾಡುತ್ತಿತ್ತು. ಹೊಸ ಗೋಪುರ ಏಳುತ್ತಿತ್ತು. ಬೆಳಗ್ಗೆ ದೊರೆ ಅದನ್ನು ಮಾತೌಶ್, ಬ್ಲಾಜೆಯ್ ಇಬ್ಬರಿಗೂ ಹೆಮ್ಮೆಯಿಂದ ತೋರಿಸಿದ್ದರು. “ಇವತ್ತು ಚಿನ್ನ ಬಂತು ಅಂದ್ರೆ ಬ್ಲಾಜೆಯ್ ಅಲ್ಲಿಗೇ. ಕಿಟಕಿ ಇಲ್ಲ, ಕಳ್ಳರ ಭಯ ಇಲ್ಲ. ಸಾಯೋವರೆಗೂ ಸುಖವಾಗಿರ್ತಾನೆ.” ಗೋಡೆ ಎಷ್ಟು ದಪ್ಪ ಎಂದಷ್ಟೇ ಬ್ಲಾಜೆಯ್ ಕೇಳಿದ್ದ. ಮೂರು ಮೊಳ ಎಂದಾಗ ತಲೆಯಾಡಿಸಿದ್ದ.

ಪ್ರತಿ ವಸಂತದಲ್ಲೂ ಅವನದು ಒಂದೇ ಬೇಡಿಕೆ. ತಾಬೊರ್ ಊರಿನಲ್ಲಿ ಹೆಂಡತಿ ಅನೆಷ್ಕಾ ಇದ್ದಾಳೆ, ಚಿನ್ನ ನನ್ನ ಕೈಯಲ್ಲಾಗುವ ಕೆಲಸವಲ್ಲ, ಮನೆಗೆ ಹೋಗಲು ಬಿಡಿ. ಪ್ರತಿ ವಸಂತದಲ್ಲೂ ಒಂದೇ ಉತ್ತರ: “ಆಗ್ಲಿಲ್ವಾ? ಪರವಾಗಿಲ್ಲ. ಇನ್ನೊಂದು ವರ್ಷ ನೋಡು.”

“ಕೊಳವೆ ಎಲ್ಲಿಂದ ಬಂತು?” ದೊರೆ ಈಗ ಕೇಳಿದರು.

“ಹಳೇ ತಿದೀದು. ಒಲೆ ಊದೋದಕ್ಕೆ ನೀವೇ ಕೊಡ್ಸಿದ್ರಲ್ಲ.”

“ಮೇಣ?”

“ನಿಮ್ಮ ಮೇಣದ ಬತ್ತೀದು.”

“ಈ ಕಪ್ಪು ಬಣ್ಣ?”

“ಒಲೆ ಮಸಿ. ಅದೊಂದು ಮಾತ್ರ ಧಾರಾಳವಾಗಿ ಸಿಗ್ತಿತ್ತು.”

ದೊರೆಯ ಮುಖ ಕೆಂಪೇರಿತು. “ಗಲ್ಲುಕಂಬಕ್ಕೆ ಚಿನ್ನದ ರೇಕು ಹೊಡೆಸಿ ಅದರ ಮೇಲೇ ನೇತು ಹಾಕಿಸ್ತೀನಿ. ಮೋಸ ಮಾಡಿದ ರಸವಾದಿಗೆ ಅದೇ ಮರ್ಯಾದೆ.”

“ಹಾಕ್ಸಿ.” ಬ್ಲಾಜೆಯ್ ಒಲೆಯ ಕಟ್ಟೆ ಮೇಲೆ ಕುಳಿತ. ನಿಂತಿರಲೂ ಬೇಸರವೆನ್ನುವ ಹಾಗಿತ್ತು. “ರೇಕು ಹೊಳೆದ್ರೆ ಪ್ರಾಗ್‌ನಿಂದ್ಲೂ ಜನ ಬರ್ತಾರೆ. ಯಾರು ಮೋಸ ಹೋದ್ರು, ಎಷ್ಟು ವರ್ಷ ಹೋದ್ರು ಅಂತ ಕೇಳ್ತಾರೆ. ಈಸ್ಟರ್ ಊಟಕ್ಕೆ ಬಂದವ್ರಿಗೆಲ್ಲ ನೀವು ನನ್ನ ಬಗ್ಗೆ ಬೇರೆ ಹೇಳಿಬಿಟ್ಟಿದ್ದೀರಿ.”

ದೊರೆ ಮಾತೌಶನ ಕಡೆ ನೋಡಿದರು. ಮಾತೌಶ್ ತನ್ನ ಬೂಟು ನೋಡಿಕೊಂಡ.

“ಹಿಂದಿನ ಬಾಗಿಲಿಂದ ಆಚೆ ತಳ್ಳಿ,” ಎಂದರು ದೊರೆ ಕೊನೆಗೆ. “ಇವನು ಇಲ್ಲಿ ಇದ್ದೇ ಇರ್ಲಿಲ್ಲ. ಗೊತ್ತಾಯ್ತಾ? ಪರೀಕ್ಷಕರೇ, ಆ ಗುಂಡು ಎಂಥದ್ದು ನೋಡಿ. ಅದಾದ್ರೂ ನನಗೆ ಉಳೀಲಿ.” ಮೆಟ್ಟಿಲಿಳಿದು ಹೋದರು.

ದೊರೋತಾ ಬ್ಲಾಜೆಯ್‌ನ ಅಂಗಿ, ಕಾಲ್ಚೀಲ, ಗಡ್ಡವನ್ನೆಲ್ಲ ತಡವಿ ನೋಡಿದಳು. ಏನೂ ಇರಲಿಲ್ಲ. “‘ದೊರೋತಾ, ಅವನ ಹಲ್ಲಿನ ಸಂದಿ ನೋಡಿದೆಯಾ?’” ಎಂದು ದೊರೆಯ ಮೂಗಿನ ಧ್ವನಿಯನ್ನೇ ತೆಗೆದಳು. ಏಳು ವರ್ಷದ ಹಳೆಯ ಅಣಕ ಅದು. ಬ್ಲಾಜೆಯ್ ಅಭ್ಯಾಸಬಲದಿಂದ ಬಾಯಿ ತೆರೆದ. ಅವಳು ನೋಡಲಿಲ್ಲ. ಬಾಯಿಗೊಂದು ರೊಟ್ಟಿ ತುರುಕಿದಳು.

“ಹೋಗಿ, ತಾತ. ಅಜ್ಜಿಗೆ ನಾನು ಕೇಳಿದೆ ಅಂತ ಹೇಳಿ.”

ಬಾಗಿಲಲ್ಲಿ ಅವನು ಮಾತೌಶನತ್ತ ತಿರುಗಿದ. “ನಿಮ್ಮಂಥ ಒಳ್ಳೇ ಪರೀಕ್ಷಕರನ್ನೇ ಕರೆಸಿ ಅಂತ ದೊರೆಗೆ ನಾನೇ ಹೇಳಿದ್ದೆ,” ಎಂದು ಇಳಿದು ಹೋದ.

ಮಾತೌಶ್ ಗುಂಡನ್ನು ಒರೆಗಲ್ಲಿಗೆ ಉಜ್ಜಿದ. ಪಕ್ಕದಲ್ಲಿ ತನ್ನ ಚೀಲದ ಅಪ್ಪಟ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದ. ಕಡ್ಡಿಯ ಗೆರೆಯೇ ಮಂಕಾಗಿ ಕಂಡಿತು. ಕಣ್ಣು ಸೋತಿರಬೇಕೆಂದು ಮತ್ತೊಮ್ಮೆ ಎಳೆದ. ಹಾಗೆಯೇ ಇತ್ತು.

ದೊರೋತಾ ಹಾಸಿಗೆಯ ಹುಲ್ಲು ಕೊಡವುತ್ತಿದ್ದಳು. “ಯಜಮಾನ್ರೇ, ಇಲ್ಲಿಗೆ ಬರೋ ರೊಟ್ಟಿ ಮುರಿದು ನೋಡೋಳು ನಾನು, ಗಂಜಿ ಸೋಸೋಳು ನಾನು. ತಾತ ಬಂದ ದಿನ ಮೈಮೇಲೆ ನೂಲೂ ಬಿಡದೆ ಹುಡುಕಿದ್ದೀನಿ. ಕೊಳವೆ ತಿದೀದು, ಮೇಣ ಬತ್ತೀದು, ಮಸಿ ಒಲೇದು. ಸರಿ. ಚಿನ್ನ ಎಲ್ಲೀದು?”

ಮಾತೌಶ್ ತಲೆಯೆತ್ತಿ ಹೊರಗೆ ನೋಡಿದ. ಕಿಟಕಿಯಾಚೆ ತಾಬೊರ್ ದಾರಿಯಲ್ಲಿ ಮುದುಕ ರೊಟ್ಟಿ ತಿನ್ನುತ್ತ ನಿಧಾನವಾಗಿ ನಡೆಯುತ್ತಿದ್ದ. ಕುದುರೆಯವನೊಬ್ಬ ಹೊರಟರೆ ಈಗಲೂ ಹಿಡಿಯಬಹುದಿತ್ತು.

“ಏನಂತೆ ಅದು?” ಕೆಳಗಿನಿಂದ ದೊರೆಯ ಮೂಗು ಕೂಗಿತು.

ಮಾತೌಶ್ ಒರೆಗಲ್ಲನ್ನು ತೋಳಿಗೆ ಒರೆಸಿದ. “ಹಿತ್ತಾಳೆ, ದೊರೆ.”

ಮೂಲೆಯಲ್ಲಿ ಹೋದ ತಿಂಗಳು ಅವನೇ ಪರೀಕ್ಷಿಸಿ, ತನ್ನ ಮುದ್ರೆಯೊತ್ತಿ ಕಳಿಸಿದ್ದ ಸೀಸದ ಗಟ್ಟಿ ಇತ್ತು. ಅದರ ಅಂಚಿನಿಂದ ಒಂದು ಬಟಾಣಿ ಕಾಳಿನಷ್ಟನ್ನು ಮಾತ್ರ ಯಾರೋ ಕೆತ್ತಿ ತೆಗೆದಿದ್ದರು.