ತೇಲುವ ಗದ್ದೆಯ ಮೊದಲ ತೆನೆ

ಊರು ಮುಳುಗಿದ ಮೇಲೆ ಗದ್ದೆಗಳೆಲ್ಲ ಸಮುದ್ರದ ಮೇಲೆ ತೇಲುತ್ತವೆ. ಸಂಜೆಗೆ ಅವನ್ನು ಹಸುವಿನಂತೆ ಗೂಟಕ್ಕೆ ಕಟ್ಟುತ್ತಾರೆ. ಕೊಯ್ಲಿನ ದಿನ ಬೆಳಿಗ್ಗೆ ತುಳಸುವಿನ ಗದ್ದೆ ನೆರೆಯ ಬೊಮ್ಮನ ಗೂಟದಲ್ಲಿತ್ತು.

“ಇದು ಇಲ್ಲಿಗೆ ಹ್ಯಾಂಗ್ ಬಂತು, ಬೊಮ್ಮ ಭಾವ?”

“ಹಗ್ಗ ಏಡಿ ಕಡದಿರ್ಬೇಕು. ಉಬ್ಬರ ತಂದು ಕೊಡ್ತು.”

ತುಳಸು ಹಗ್ಗದ ತುದಿ ಸವರಿದಳು. ನುಣ್ಣಗಿತ್ತು.

“ಏಡಿಗೆ ಕತ್ತಿ ಯಾರ್ ಕೊಟ್ರು?”

“ನನ್ನ ಗೂಟಕ್ಕೆ ಬಂದದ್ದು ನಂದೇ.”

“ಹಾಂಗಾರೆ ಮೊದಲ ತೆನೆ ನೀನೇ ಮುರ್ದು ಸಮುದ್ರಕ್ಕೆ ಕೊಡು.”

ಬೆಳೆದವರಲ್ಲದೆ ಬೇರೆಯವರು ಕೊಟ್ಟ ತೆನೆಯನ್ನು ಸಮುದ್ರರಾಜ ಒಲ್ಲ. ಕೊಟ್ಟವರ ಗದ್ದೆಯನ್ನೇ ಎಳೆದುಕೊಳ್ಳುತ್ತಾನೆ ಎಂಬುದು ಎಲ್ಲರ ನಂಬಿಕೆ.

ಬೊಮ್ಮನ ಕೈ ತೆನೆಯವರೆಗೆ ಹೋಗಿ ನಿಂತಿತು. ಊರು ನುಂಗಿದ ನೀರು ಗದ್ದೆಯಡಿಯಲ್ಲಿ ಮೆಲ್ಲಗೆ ಉಸಿರಾಡಿತು.

ಅವನು ಬಗ್ಗಿ ಗಂಟು ಬಿಚ್ಚತೊಡಗಿದ.