ಇನ್ನೂ ಹುಟ್ಟದವರ ಆಕ್ಷೇಪಣೆ

ಬಡಾವಣೆಯ ಸಭೆಗಳಲ್ಲಿ ಇನ್ನೂ ಹುಟ್ಟದವರ ಮಾತನ್ನೂ ಕೇಳಬೇಕೆಂಬ ನಿಯಮ ಬಂದ ಮೇಲೆ, ಐವತ್ತು ವರ್ಷ ಮುಂದಿನವರು ಕಾಣುವ ಪರದೆಯೊಂದನ್ನು ವೇದಿಕೆಯಲ್ಲಿ ನೀರಿನ ಕ್ಯಾನಿನ ಪಕ್ಕ ಇಡುವುದು ವಾಡಿಕೆಯಾಗಿತ್ತು. ಪಂಕಜಾಕ್ಷಮ್ಮ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

“ನಮ್ಮನೆ ಎದುರಿಗೆ ಆರು ಮಹಡಿ ಎದ್ರೆ ತಾರಸಿಗೆ ಬಿಸಿಲೆಲ್ಲಿ ಬರುತ್ತೆ ಸಾರ್? ಸಂಡಿಗೆ ಒಣಗ್ಬೇಡ್ವಾ? ಇದು ಮರ್ಯಾದಸ್ಥರ ಬಡಾವಣೆ. ಕಂಡಕಂಡವರೆಲ್ಲ ಬಂದು ತುಂಬ್ಕೊಳ್ಳೋದು ಬೇಡ,” ಎಂದರು. ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು.

ಯೋಜನಾಧಿಕಾರಿ ಪುಟ್ಟಬಸಪ್ಪ ಬೆವರೊರೆಸಿಕೊಂಡು, “ಆ ಆರು ಮಹಡಿಯಲ್ಲಿ ಇರೋರು ಏನಂತಾರೋ ಅದನ್ನೂ ಕೇಳ್ಬಿಡೋಣಮ್ಮ,” ಎಂದು ಪರದೆ ಆನ್ ಮಾಡಿದರು.

ತಾರಸಿಯೊಂದರ ಮೇಲೆ ಸೆರಗು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. “ಈ ಆರು ಮಹಡಿ ಕಟ್ಟಲೇಬೇಕು ಸಾರ್. ಇಲ್ದಿದ್ರೆ ನಾವೆಲ್ಲಿ ಇರೋಣ?” ಎಂದಳು. ಸಭೆ ಗೊಣಗಿತು. ಆಕೆ ಹಿಟ್ಟು ಮೆತ್ತಿದ ಕೈಯನ್ನು ಪಕ್ಕದ ಖಾಲಿ ಸೈಟಿನತ್ತ ಚಾಚಿದಳು. “ಆದ್ರೆ ಅಲ್ಲಿ ಹತ್ತು ಮಹಡಿ ಕಟ್ತೀವಿ ಅಂತಿದಾರಲ್ಲ, ಅದಕ್ಕೆ ಮಾತ್ರ ಒಪ್ಪಿಗೆ ಕೊಡ್ಬೇಡಿ. ನಮ್ಮ ಬಿಸಿಲು ಹೋಗುತ್ತೆ. ಆಮೇಲೆ ಕಂಡಕಂಡವರೆಲ್ಲ ಬರ್ತಾರೆ.”

ಪಂಕಜಾಕ್ಷಮ್ಮನ ಮುಖ ಅರಳಿತು.

“ನನ್ನ ತಕರಾರು ವಾಪಸ್ ತಗೊಂಡೆ ಸಾರ್,” ಎಂದರು. “ನಮ್ಮಂಥೋರೇ ಬರ್ತಾರೆ ಅಂತ ಮೊದಲೇ ಹೇಳೋದಲ್ವಾ?”